ಕಾಲನಿಯ ನೀರು, ರಮಜಾನಬಿಯ ದಂಟು

ಗೋವೆಯ ಉಸಗಾಂವದ ಗುಡ್ಡದ ಮೇಲೆ ಗಣಿ ಕಂಪನಿಯೊಂದರ ಕಾಲನಿ ಇತ್ತು. ಅಲ್ಲಿ ನಾನು ಪಂಪು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮೇಲಿನ ಟಾಕಿಗೆ ನೀರು ಏರಿಸುವುದು, ಆಮೇಲೆ ಮನೆಮನೆಗಳಿಂದ ಇಳಿದು ಬಂದ ಹೊಲಸು ನೀರನ್ನು ತಿಳಿ ಮಾಡುವುದು. ಇವೆರಡೇ ಕೆಲಸ. ಮೇಲೇರುವ ನೀರು ತಡವಾದರೆ ಜನ 'ಇಸ್ಮಾಯಿಲ, ಇಸ್ಮಾಯಿಲ' ಎಂದು ಹುಡುಕಿಕೊಂಡು ಬರುತ್ತಿದ್ದರು. ಇಳಿಯುವ ನೀರಿನ ಬಗ್ಗೆ ಯಾರೂ ಒಂದು ಮಾತು ಕೇಳಿದವರಲ್ಲ. ಕೊಳಾಯಿ ತಿರುಗಿಸಿದರೆ ನೀರು ಬರುತ್ತದೆ, ಸಂಡಾಸಿನ ಸರಪಳಿ ಎಳೆದರೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ದೊಡ್ಡ ಮನುಷ್ಯರ ಲಕ್ಷಣವಲ್ಲ.

ಈಗ ಹೇಳುವುದು ರಮಜಾನಬಿಯ ಸಂಗತಿ.

ಅವಳು ವಿಜಾಪುರದ ಕಡೆಯವಳು. ಗಂಡ ಮೌಲಾಸಾಬ ಅದಿರಿನ ಟಿಪ್ಪರ್ ಓಡಿಸಲು ಗೋವೆಗೆ ಬಂದ, ಅವನ ಹಿಂದೆ ಅವಳೂ ಬಂದಳು. ಆ ರಸ್ತೆಗಳಲ್ಲಿ ಟಿಪ್ಪರಿಗಿಂತ ಮೊದಲು ಸವೆಯುವುದು ಡ್ರೈವರನ ಸೊಂಟ. ಎಂಬತ್ತಾರನೇ ಇಸವಿಯಲ್ಲಿ ಮೌಲಾಸಾಬನ ಸೊಂಟ ನಿಂತುಹೋಯಿತು. ಮಾಲೀಕ ಒಂದು ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಚಪ್ಪಾಳೆ ತಟ್ಟಿ ಕಳಿಸಿದ. ಕಾಯಿ ಸಾರಿಗೆ ಆಯಿತು. ಶಾಲು ಹೊದ್ದು ಮೌಲಾಸಾಬ ಮಲಗಿದ. ಮರುದಿನದ ಸಾರಿಗೆ ಏನು ಎಂಬುದು ಚಪ್ಪಾಳೆಯಲ್ಲಿ ಇರಲಿಲ್ಲ.

ಕಾಲನಿಯ ಗೋಡೆಗೂ ಕೆಳಗಿನ ನಾಲೆಗೂ ನಡುವೆ ಒಂದು ಪಟ್ಟಿ ಬೀಳುಭೂಮಿ ಇತ್ತು. ಬರೀ ಕೆಂಪು ಕಲ್ಲು, ಮುಳ್ಳು. ರಮಜಾನಬಿ ಹೋಗಿ ಆಗಿನ ಮ್ಯಾನೇಜರನ್ನು ಕೇಳಿದಳು. ಅವರು ಪೇಪರು ಓದುತ್ತಾ, "ಹಾವು ಮ್ಯಾಲ ಬರಲಾರದಂಗ ನೋಡ್ಕೋ" ಎಂದರು. ಅದನ್ನೇ ಪರವಾನಗಿ ಎಂದುಕೊಂಡು ಅವಳು ಗುದ್ದಲಿ ಹಿಡಿದಳು. ಒಂದು ಮಳೆಗಾಲ ಪೂರ್ತಿ ಕಲ್ಲು ಕಿತ್ತಳು. ಕಿತ್ತ ಕಲ್ಲಿನಿಂದಲೇ ಒಡ್ಡು ಹಾಕಿದಳು. ಎತ್ತು ಇಳಿಯುವ ಜಾಗವಲ್ಲ ಅದು. ಇಳಿಯುವಂತಿದ್ದರೂ ಅವಳ ಹತ್ತಿರ ಎತ್ತು ಇರಲಿಲ್ಲ.

ನೀರು ನನ್ನ ಟಾಕಿಯಿಂದ ಹೋಗುತ್ತಿತ್ತು. ಕಾಲನಿಯ ನೀರು ಮೊದಲನೆಯ ಟಾಕಿಯಲ್ಲಿ ಕೂತು ಗಾಳಿ ಕುಡಿಯುತ್ತದೆ, ಎರಡನೆಯದರಲ್ಲಿ ಉಸುಕಿನಿಂದ ಇಳಿಯುತ್ತದೆ, ಮೂರನೆಯದಕ್ಕೆ ಬರುವ ಹೊತ್ತಿಗೆ ತಳದ ಸಿಮೆಂಟು ಕಾಣುವಷ್ಟು ತಿಳಿಯಾಗಿರುತ್ತದೆ. ಇದನ್ನು ಕಟ್ಟಿಸಿದ ಕಾರವಾರದ ಇಂಜಿನಿಯರು ಹೋಗುವಾಗ ನನಗೆ ಒಂದೇ ಮಾತು ಹೇಳಿದ್ದರು: "ಕುಡೀಲಿಕ್ಕೆ ಬ್ಯಾಡ, ತ್ವಾಟಕ್ಕ ಬಂಗಾರ." ಆಗಾಗ ಬಾಟಲಿಯಲ್ಲಿ ಹಿಡಿದು ಪಣಜಿಗೆ ಕಳಿಸುತ್ತಿದ್ದೆವು. ಅಲ್ಲಿಂದಲೂ ತೋಟಕ್ಕೆ ಅಡ್ಡಿಯಿಲ್ಲ ಎಂದೇ ಬರುತ್ತಿತ್ತು. ಮೂರನೆಯ ಟಾಕಿಯಿಂದ ಒಂದು ಪೈಪು ಗೋಡೆ ದಾಟಿ ರಮಜಾನಬಿಯ ಪಾತಿಗಳ ತಲೆಯ ಮೇಲೆ ಬಾಯಿ ತೆರೆದಿತ್ತು. ನೀರು ತಾನಾಗಿ ಇಳಿದು ಪಾತಿಯಿಂದ ಪಾತಿಗೆ ಹೋಗುತ್ತಿತ್ತು.

ಆ ನೀರಿಗೆ ಮೊದಲು ತಕರಾರು ತೆಗೆದವನು ಅವಳ ಗಂಡನೇ. ಮೊದಲ ಕೊಯ್ಲಿನ ಕೆಂಪು ದಂಟಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಅವಳು ತಟ್ಟೆಗೆ ಬಡಿಸಿದರೆ ಮೌಲಾಸಾಬ ಕೈ ಹಿಂದೆ ತೆಗೆದ.

"ಅದು ಸಂಡಾಸಿನ ನೀರಿಂದು. ನಾ ತಿನ್ನಂಗಿಲ್ಲ."

"ಹಂಗಾರ ಬರೇ ಅನ್ನ ತಿನ್ರಿ."

ಎರಡು ಊಟ ಬರೀ ಅನ್ನ ತಿಂದ. ಮುಂದಿನ ಊಟಕ್ಕೆ ಒಗ್ಗರಣೆಯ ವಾಸನೆ ಮನೆ ತುಂಬಿತ್ತು. ಅವನು ಚಾವಣಿ ನೋಡುತ್ತಾ ಕೇಳಿದ.

"ಈ ಪಲ್ಯಾ ಎಲ್ಲಿದು?"

"ಬಜಾರದ್ದು."

"ಹಂಗಾರ ಹಾಕು."

ಅವಳು ಬಜಾರಿಗೆ ಹೋಗಿರಲಿಲ್ಲ ಎಂಬುದು ಮಲಗಿದಲ್ಲಿಂದಲೇ ಬಾಗಿಲು ಕಾಯುವ ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತು ಎಂಬುದು ಅವಳಿಗೂ ಗೊತ್ತಿತ್ತು. ಸಂಸಾರ ಚಲೋ ನಡೆಯಿತು. ಆಮೇಲೆ ಕಾಲನಿಯ ಓದಿದ ಜನ ಮಾಡಿದ್ದೂ ಇದನ್ನೇ. ಅವರಿಗೆ ಮಾತ್ರ ಒಂದು ಮೀಟಿಂಗು ಬೇಕಾಯಿತು.

ಕಾಲನಿಯ ತುಂಬ ಧಾರವಾಡ, ಬೆಳಗಾವಿ, ಕಾರವಾರದ ನೌಕರದಾರರ ಮನೆಗಳು. ರಮಜಾನಬಿ ಬುಟ್ಟಿ ಹೊತ್ತು ಗೇಟಿಗೆ ಬಂದರೆ ಬುಟ್ಟಿ ತುಂಬಿ ವಾಪಸು ಹೋದದ್ದಿಲ್ಲ. ದಂಟಿನ ಸಿವುಡುಗಳನ್ನು ಅವಳು ಗಂಡನ ಹಳೆಯ ಲುಂಗಿ ಹರಿದ ಪಟ್ಟಿಯಿಂದ ಕಟ್ಟುತ್ತಿದ್ದಳು. ನೀಲಿ ಚೌಕಳಿಯ ಲುಂಗಿ. ಗೇಟಿನಲ್ಲಿ ಮಾರುವಾಗ ಬುಟ್ಟಿಯೊಳಗೇ ಪಟ್ಟಿ ಬಿಚ್ಚಿಕೊಂಡು ದಂಟಷ್ಟೇ ಕೊಡುತ್ತಿದ್ದಳು, ಪಟ್ಟಿ ಮರುದಿನಕ್ಕೆ ಬೇಕಲ್ಲ. ಟಿಪ್ಪರ್ ಡ್ರೈವರನ ಬಳಿ ಬೇರೇನು ಉಳಿಯದಿದ್ದರೂ ಹಳೆಯ ಲುಂಗಿಗೆ ಬರ ಇಲ್ಲ.

ಮೊದಲ ಗಿರಾಕಿ ಗೋದಾಬಾಯಿಯವರು. ಕಂಪನಿಯ ಲೆಕ್ಕದ ಆಫೀಸಿನ ಕಮಲಾಕರರಾಯರ ತಾಯಿ, ಧಾರವಾಡದವರು, ಮಡಿ ಮೈಲಿಗೆಯಲ್ಲಿ ಕಾಲನಿಗೆಲ್ಲ ಅವರದೇ ಕೊನೆಯ ಮಾತು. ದಂಟನ್ನು ಉಗುರಿನಿಂದ ಚಿವುಟಿ ನೋಡುತ್ತಿದ್ದರು.

"ಏನವಾ ರಮಜಾನಬಿ, ಇಷ್ಟು ಎಳೀ ದಂಟು ನಮ್ಮ ಧಾರವಾಡದಾಗೂ ಸಿಗಂಗಿಲ್ಲ. ಎಲ್ಲೀ ನೀರು ಹಾಕ್ತೀ?"

"ನಿಮ್ಮದ ನೀರ್ರಿ ಬಾಯಾರ."

ಬಾಯಾರು ಅದನ್ನು ವಿನಯ ಎಂದುಕೊಂಡು ಇನ್ನೊಂದು ಸಿವುಡು ತೆಗೆದುಕೊಂಡರು.

ಹೀಗೆ ಕೆಲವು ವರ್ಷ ನಡೆಯಿತು. ತೊಂಬತ್ತೊಂದರಲ್ಲಿ ಕಮಲಾಕರರಾಯರು ಕಾಲನಿ ಕಮಿಟಿಯ ಸೆಕ್ರೆಟರಿ ಆದರು. ಹೊಸ ಸೆಕ್ರೆಟರಿ ಏನಾದರೂ ಕಂಡುಹಿಡಿಯಬೇಕಲ್ಲ. ಜನವರಿಯಲ್ಲಿ ಝಂಡಾ ಏರಿಸುವ ಮೊದಲು ಗೋಡೆಗೆ ಸುಣ್ಣ ಬಳಿಸಲು ಗೋಡೆಯ ಹಿಂದೆ ಹೋದವರು ಪೈಪು ಕಂಡರು. ಪೈಪಿನ ಗುಂಟ ನಡೆದು ನನ್ನ ಹತ್ತಿರ ಬಂದರು.

"ಇಸ್ಮಾಯಿಲ, ಈ ಪೈಪು ಎಲ್ಲಿಂದ ಬಂದದ?"

"ಮೂರನೇ ಟಾಕಿಯಿಂದ್ರಿ."

"ಅದಕ್ಕ ನೀರು ಎಲ್ಲಿಂದ?"

"ಎರಡನೇದರಿಂದ್ರಿ."

"ಎರಡನೇದಕ್ಕ?"

"ಒಂದನೇದರಿಂದ್ರಿ."

"ಅಯ್ಯ ಮಾರಾಯಾ, ಒಂದನೇದಕ್ಕ ಎಲ್ಲಿಂದ?"

"ನಿಮ್ಮ ಮನಿಯಿಂದ್ರಿ."

ಅವರು ಟಾಕಿಯ ಕಟ್ಟೆಯ ಮೇಲೆ ಕೂತರು. ಎಲ್ಲಿ ಕೂತೆ ಎಂಬುದು ನೆನಪಾಗಿ ಎದ್ದು ನಿಂತರು.

ಸಂಜೆಯೊಳಗೆ ಕಾಲನಿಗೆಲ್ಲ ಸುದ್ದಿ ಹರಡಿತು. ಅಂದು ಬಾಯಿ ಮುಕ್ಕಳಿಸಿದವರ ನೀರೇ ಒಂದು ಟಾಕಿ ಆಯಿತು. ಪಕ್ಕದ ಮನೆಯ ಸೀತಾಬಾಯಿ, "ನನಗ ಮೊದಲ ವಾಸನಿ ಬಂದಿತ್ತು, ಆದ್ರ ಯಾಕ ಹೇಳೂದಂತ ಸುಮ್ಮನಿದ್ದೆ" ಎಂದರು. ಅಷ್ಟು ವರ್ಷ ವಾಸನೆ ಸಹಿಸಿಕೊಂಡು ದಿನಾ ದಂಟು ತಿಂದ ಅವರ ತಾಳ್ಮೆ ದೊಡ್ಡದು. ಮಕ್ಕಳ ಗಜಕರ್ಣ, ಯಜಮಾನರ ತಲೆಗೂದಲು, ಒಬ್ಬರ ಮಗ ಮೆಟ್ರಿಕ್ಕಿನಲ್ಲಿ ನಪಾಸಾದದ್ದು, ಎಲ್ಲಕ್ಕೂ ಕಾರಣ ಸಿಕ್ಕಿತು. ಇಷ್ಟಾದರೂ ಆ ರಾತ್ರಿ ಯಾರೂ ಸರಪಳಿ ಎಳೆಯುವುದನ್ನು ಬಿಡಲಿಲ್ಲ. ಅದು ತಮ್ಮದು ಎಂಬುದರಲ್ಲಿ ಅವರಿಗೆ ತಕರಾರಿರಲಿಲ್ಲ. ಅದು ವಾಪಸು ಬಂತು ಎಂಬುದೇ ತಕರಾರು.

ಮರುದಿನ ಗೇಟಿನಲ್ಲಿ ರಮಜಾನಬಿಯ ಬುಟ್ಟಿ ತಡೆದರು. ಕಮಲಾಕರರಾಯರೇ ಬಂದು ನಿಂತಿದ್ದರು.

"ಇನ್ನ ಮ್ಯಾಲ ನಿನ್ನ ಪಲ್ಯಾ ಒಳಗ ಬರೂಹಂಗಿಲ್ಲ. ಪೈಪೂ ಬಂದ್ ಮಾಡಸ್ತೇವಿ."

"ಬಂದ್ ಮಾಡಿದ್ರ ನೀರು ಟಾಕಿ ತುಂಬಿ ಕಾಲನ್ಯಾಗ ಬರ್ತೈತ್ರಿ ಸಾಹೇಬ್ರ" ಎಂದೆ ನಾನು.

ಅದು ಅವರಿಗೆ ಹೊಳೆದಿರಲಿಲ್ಲ.

"ಹಂಗಾರ ಚೌತಿ ಆದಮ್ಯಾಲ ವರ್ಷದ ಮೀಟಿಂಗ್ ಕೂಡ್ತದ, ಆವಾಗ ಪೈಪು ಬ್ಯಾರೆ ಕಡೆ ತಿರುಗಿಸಿ ಬಂದ್ ಮಾಡೋಣು."

ರಮಜಾನಬಿ ಬುಟ್ಟಿ ಕೆಳಗಿಟ್ಟಳು. "ಪೈಪು ತಿರುಗಿದ್ರ ದೀಪಾವಳಿ ಆದಮ್ಯಾಲ ನನ್ನ ಪಾತಿ ಎಲ್ಲಾ ಒಣಗತಾವ್ರಿ ಸಾಹೇಬ್ರ. ಮನ್ಯಾಗ ಬ್ಯಾರೆ ಏನೂ ಇಲ್ಲ."

"ನಾಲಾದ ನೀರು ಹಾಕು."

ಆ ನಾಲೆಯನ್ನು ನೋಡಿದವರು ಈ ಮಾತು ಆಡುವುದಿಲ್ಲ. ಗಣಿಯ ಗುಂಡಿಯಲ್ಲಿ ನಿಂತ ನೀರನ್ನು ಪಂಪು ಹಾಕಿ ಅದರಲ್ಲೇ ಬಿಡುತ್ತಿದ್ದರು. ಬೇಸಿಗೆಯಲ್ಲಿ ಅದು ನೀರಲ್ಲ, ಬಳಿಯಲು ಕಲಸಿಟ್ಟ ಕೆಮ್ಮಣ್ಣು.

"ಅದರಾಗ ಬರೇ ಮಣ್ಣ ಐತ್ರಿ. ಸಸಿ ಮ್ಯಾಲ ಕುಂತು ಹೆಪ್ಪಗಟ್ಟತೈತಿ."

"ಮಣ್ಣಿಗೇನು ದೋಷವಾ? ಮಣ್ಣು ಭೂಮಿತಾಯಿ" ಎಂದು ರಾಯರು ಆಫೀಸಿಗೆ ಹೋದರು.

ಅಂದಿನಿಂದ ರಮಜಾನಬಿ ದಂಟನ್ನು ದೂರದ ಮ್ಹಾಪಸಾ ಪೇಟೆಗೆ ಕಳಿಸತೊಡಗಿದಳು. ಅವಳ ಅಣ್ಣನ ಮಗ ಸಿಕಂದರ ಟೆಂಪೋ ಓಡಿಸುತ್ತಿದ್ದ, ಶುಕ್ರವಾರದ ಬಜಾರಿಗೆ ಹೋಗುವಾಗ ಬುಟ್ಟಿ ಒಯ್ಯುತ್ತಿದ್ದ. ವಾರಕ್ಕೊಂದು ಬಜಾರು, ಉಳಿದ ದಿನ ಬಲಿತದ್ದು ಬಲಿತೇ ಹೋಗುತ್ತಿತ್ತು. ಅರ್ಧ ಹೊಟ್ಟೆಗೆ ಸಾಕಾಗುತ್ತಿತ್ತು.

ಕಮಲಾಕರರಾಯರಿಗೂ ಶುಕ್ರವಾರವೇ ಮ್ಹಾಪಸಾದ ಕಡೆ ಆಫೀಸಿನ ಕೆಲಸ ಇರುತ್ತಿತ್ತು. ಜೀಪಿನಲ್ಲಿ ಹೋಗಿ ಬರುವಾಗ ಚೀಲ ತುಂಬ ಶುದ್ಧ ಕಾಯಿಪಲ್ಯ ತರುತ್ತಿದ್ದರು. ನನ್ನ ಪಂಪುಮನೆ ಗೇಟಿನ ಪಕ್ಕವೇ. ಒಂದು ಶುಕ್ರವಾರ ಅವರು ಜೀಪಿನಿಂದ ಇಳಿಯುವಾಗ ಚೀಲದ ಬಾಯಿಂದ ನೀಲಿ ಚೌಕಳಿಯ ಪಟ್ಟಿ ಇಣುಕಿತು. ಮೌಲಾಸಾಬನ ಲುಂಗಿ ಕಾಲನಿಯೊಳಗೆ ಜೀಪಿನಲ್ಲಿ ಹೋಯಿತು. ಮೌಲಾಸಾಬ ಸ್ವತಃ ಎಂದೂ ಹಾಗೆ ಹೋದವನಲ್ಲ.

ಗೇಟಿನ ಕಟ್ಟೆಯ ಮೇಲೆ ಕೂತು ಗೋದಾಬಾಯಿ ಸೀತಾಬಾಯಿಗೆ ಹೇಳುವುದೂ ನನಗೆ ಕೇಳಿಸುತ್ತಿತ್ತು.

"ಬಾಯಾಗ ಇಟ್ಟರ ತಿಳೀತದ ನೋಡವಾ. ಇದು ಸಿಹಿನೀರಿನ ದಂಟು. ಆಕೀದು ಏನೋ ಒಗರ ಒಗರ ಇರತಿತ್ತು."

ನನಗೆ ಯಾರೂ ಏನೂ ಕೇಳಲಿಲ್ಲ. ಕೇಳದೆ ಹೇಳುವ ರೂಢಿ ನನಗಿಲ್ಲ.

ಮಳೆಗಾಲ ಬಂತು. ಚೌತಿ ಹತ್ತಿರ ಬಂತು. ಚೌತಿಯ ಮರುದಿನ ಋಷಿಪಂಚಮಿ. ಅಂದು ಆ ಮನೆಗಳ ಹೆಣ್ಣುಮಕ್ಕಳು ಎತ್ತು ದುಡಿದು ಬೆಳೆದದ್ದನ್ನು ತಿನ್ನುವುದಿಲ್ಲ. ಕೈಯಿಂದ ಅಗೆದು ಬೆಳೆದದ್ದೇ ಆಗಬೇಕು. ವರ್ಷದಲ್ಲಿ ಎಲ್ಲಕ್ಕಿಂತ ಮಡಿಯ ಊಟ ಅದು. ಮ್ಹಾಪಸಾದ ಬಜಾರಿನಲ್ಲಿ ಕೂತ ಹೆಂಗಸನ್ನು ಕೇಳಿದರೆ ಅವಳಿಗೇನು ಗೊತ್ತು, ಯಾರ ಹೊಲವೋ, ಯಾರ ಎತ್ತೋ. ಆ ಸುತ್ತಿನಲ್ಲಿ ಎತ್ತಿನ ಗೊರಸು ತಾಗಿಲ್ಲ ಎಂದು ಕಣ್ಣಾರೆ ಕಂಡ ನೆಲ ಒಂದೇ. ಅದು ಗೋಡೆಯ ಹಿಂದೆ ಇತ್ತು.

ಚೌತಿಯ ಮೊದಲಿನ ದಿನ ಗೋದಾಬಾಯಿ ಕೊಡೆ ಹಿಡಿದು, ಸೀರೆ ಎತ್ತಿ ಹಿಡಿದು, ಕೆಳಗೆ ಇಳಿದು ಬಂದರು. ನಾನು ಅಲ್ಲೇ ಪೈಪಿನ ಸಂದು ಕಟ್ಟುತ್ತಿದ್ದೆ. ರಮಜಾನಬಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿ ಕಳೆ ಕೀಳುತ್ತಿದ್ದಳು.

"ರಮಜಾನಬಿ, ಮಳಿಗಾಲದಾಗೂ ಆ ಪೈಪಿನ ನೀರು ಹಾಕ್ತೀಯೇನು?"

"ಮ್ಯಾಲಿಂದ ಅಲ್ಲಾ ಇಷ್ಟು ಸುರಿಯಾಕತ್ತಾನ, ನಾ ಯಾಕ ಹಾಕಲಿ ಬಾಯಾರ?"

"ಹಂಗಾರ ಇದು ಮಳಿನೀರಿಂದಾತು. ನಡೀತದ." ಬಾಯಾರು ಕೊಡೆ ಸರಿಮಾಡಿಕೊಂಡರು. "ಎತ್ತು ಹೂಡಿಲ್ಲಲ್ಲಾ?"

"ಎತ್ತು ಎಲ್ಲಿಂದ ತರ್ಲಿರಿ? ಇಲ್ಲಿ ದುಡಿಯೂ ಎತ್ತು ನಾನ."

"ನೀ ನಡೀತೀಯವಾ" ಎಂದರು ಗೋದಾಬಾಯಿ ಸಮಾಧಾನದಿಂದ. "ಶಾಸ್ತ್ರದಾಗ ಎತ್ತಿಗಷ್ಟ ಬ್ಯಾಡಂದಾರ."

ರಮಜಾನಬಿ ನಕ್ಕಳು. ದಂಟು ಕಿತ್ತಳು, ಕೆಸುವಿನ ಎಲೆ ಕೊಯ್ದಳು, ಹೀರೇಕಾಯಿ ಹರಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು, ಹಲ್ಲಿನಿಂದ ಕಚ್ಚಿ, ಪರ್ ಎಂದು ಒಂದು ಪಟ್ಟಿ ಹರಿದು ದಂಟಿಗೆ ಕಟ್ಟಿದಳು. ನೀಲಿ ಚೌಕಳಿ.

ಗೋದಾಬಾಯಿಯ ಕೈ ಮುಂದೆ ಬಂದದ್ದು ಅಲ್ಲೇ ನಿಂತಿತು.

"ಇದೇನವಾ ಈ ಚಿಂದಿ?"

"ನಮ್ಮ ಮನಿಯವರ ಹಳೇ ಲುಂಗಿರಿ. ಒಗದು ಇಟ್ಟಿರ್ತೀನಿ, ಹೊಲಸಿಲ್ರಿ."

"ಎಲ್ಲಾ ಸಿವುಡಿಗೂ ಇದನ್ನ ಕಟ್ತೀಯೇನು?"

"ಹೌದ್ರಿ. ಮ್ಹಾಪಸಾಕ್ಕ ಹೋಗೂವಕ್ಕೂ ಇದ."

"ಮ್ಹಾಪಸಾಕ್ಕ... ಯಾವಾಗಿಂದ?"

"ನೀವು ಬ್ಯಾಡಂದಾಗಿಂದ್ರಿ."

ಗೋದಾಬಾಯಿಯ ತುಟಿಗಳು ಅಲುಗುತ್ತಿದ್ದವು. ಬೇಸಿಗೆಯುದ್ದಕ್ಕೂ ಆದ ಸಂಕಷ್ಟಿ, ದ್ವಾದಶಿಯ ಪಾರಣೆ, ದೇವರ ಮುಂದಿಟ್ಟ ನೈವೇದ್ಯ, ಒಂದೊಂದಾಗಿ ಕಣ್ಣ ಮುಂದೆ ಬಂದಿರಬೇಕು. ಎಲ್ಲದರ ಪಕ್ಕದಲ್ಲಿ ಮೌಲಾಸಾಬನ ಲುಂಗಿ.

ರಮಜಾನಬಿಗೆ ಅರ್ಥವಾಯಿತು. ಕರುಣೆಯಿಂದ ಹೇಳಿದಳು. "ಬಾಯಾರ, ಚಿಂತಿ ಮಾಡಬ್ಯಾಡ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಗೋದಾಬಾಯಿ ಅದನ್ನು ಕೇಳಿದ ಮೇಲೆಯೇ ನಿಜವಾಗಿ ಹೆದರಿದರು. ದಂಟು ಎದೆಗೆ ಅವಚಿಕೊಂಡು ಮೇಲೆ ಹತ್ತಿ ಹೋದರು. ಪಂಚಮಿಯ ಊಟ ಸಾಂಗವಾಗಿ ಆಯಿತೆಂದು ಕೇಳಿದೆ.

ಇನ್ನು ಅವರಿಗೆ ಎರಡೇ ದಾರಿ. ಆ ನೀರು ಮೈಲಿಗೆಯಾದರೆ ತಾವೂ ಮೈಲಿಗೆ, ದೇವರೂ ಮೈಲಿಗೆ. ಇಲ್ಲವಾದರೆ ಆ ನೀರು ಶುದ್ಧ. ಗೋದಾಬಾಯಿಯಂಥವರು ಮೈಲಿಗೆಯಾಗುವುದು ಸಾಧ್ಯವೇ ಇಲ್ಲ. ಆದ್ದರಿಂದ ನೀರೇ ದಾರಿಗೆ ಬರಬೇಕಾಯಿತು.

ಗಣಪತಿ ಕಳಿಸಿದ ಮೇಲೆ ಮೀಟಿಂಗು ಕೂತಿತು. ವಾಲ್ವಿನ ಬಗ್ಗೆ ಕೇಳಲು ನನ್ನನ್ನು ಕರೆಸಿದ್ದರು. ರಮಜಾನಬಿಯನ್ನು ಯಾರೂ ಕರೆದಿರಲಿಲ್ಲ, ಅವಳೇ ಬಂದು ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದಳು. ಮಳೆ ಇಳಿಯುತ್ತಾ ಬಂದಿತ್ತು. ಇವತ್ತು ಪೈಪು ಹೋದರೆ ದೀಪಾವಳಿಯ ಹೊತ್ತಿಗೆ ತೋಟ ಹೋಗುತ್ತದೆ.

ಕಮಲಾಕರರಾಯರು ಆರೋಗ್ಯ, ಸಂಸ್ಕೃತಿ, ಮುಂದಿನ ಪೀಳಿಗೆ ಎಂದು ಬಹಳ ಹೊತ್ತು ಮಾತಾಡಿದರು. ಸಂಡಾಸು ಎಂಬ ಶಬ್ದ ಒಂದು ಸಲವೂ ಬರಲಿಲ್ಲ, ಅಷ್ಟು ಚಲೋ ಭಾಷಣ. ಪೈಪು ಬಂದ್ ಎಂದು ಎಲ್ಲರೂ ಕೈ ಎತ್ತುವುದರಲ್ಲಿದ್ದರು. ಹಿಂದಿನ ಸಾಲಿನಿಂದ ಗೋದಾಬಾಯಿ ಎದ್ದರು.

"ಕಮಲಾ, ಹರಿಯೂ ನೀರಿಗೆ ಮೈಲಿಗಿ ಅದ ಏನು?"

"ಇಲ್ಲವಾ. ಆದ್ರ ಈಗ ಅದು..."

"ಕಾಶಿಯೊಳಗ ಗಂಗಾಕ್ಕ ಏನೇನು ಬಂದು ಸೇರ್ತದ, ನೀನ ನೋಡಿ ಬಂದೀಯಲ್ಲಾ. ಆ ನೀರನ್ನ ಗಿಂಡ್ಯಾಗ ತುಂಬಿ ದೇವರ ಮುಂದ ಇಟ್ಟಿಲ್ಲೇನು ನಾವು?"

"ಅದು ಗಂಗಾ, ಅವ್ವಾ!"

"ಇದು ನಾಲಾ. ಸಣ್ಣದು. ಆದ್ರ ಹರೀತದೋ ಇಲ್ಲೋ? ಪೈಪು ನಾಲಾಕ್ಕ ಬಿಡ್ರಿ. ನಾಲಾದ ಒಳಗ ಬಿದ್ದಿದ್ದು ನಾಲಾದ ನೀರು. ಆಕಿ ಅದನ್ನ ಎತ್ತಿ ಹಾಕ್ಕೋತಾಳ. ನಮಗ ಏನು ಸಂಬಂಧ?"

ನಕ್ಷೆ ಬರೆಯುವ ಬಂಡು ಎಂಬುವರು, "ಪೈಪಿನಾಗೂ ಹರೀತದಲ್ರಿ ಬಾಯಾರ?" ಎಂದರು.

"ಪೈಪಿನಾಗ ಸೂರ್ಯನಾರಾಯಣನ ಬಿಸಲು ಬೀಳ್ತದೇನೋ ಶಾಣ್ಯಾ? ಕೂಡು ಸುಮ್ಮನ."

ಬಂಡು ಕೂತರು. ಗೋದಾಬಾಯಿ ನನ್ನ ಕಡೆ ತಿರುಗಿದರು.

"ಇಸ್ಮಾಯಿಲ, ಹೋದ ಬ್ಯಾಸಿಗ್ಯಾಗ ಆ ಪೈಪು ಸೋರತಿತ್ತಲ್ಲಾ?"

"ಸೋರತಿತ್ರಿ."

"ಎಲ್ಲಿ?"

"ನಾಲಾದ ಕಡೇಕ್ರಿ."

"ಅಂದ್ರ ಆವಾಗಿಂದನ ನಾಲಾಕ್ಕ ಸಂಬಂಧ ಇತ್ತು. ಸಾಕು."

ಆ ಪ್ರಶ್ನೆ ಯಾಕೆ ಬಂತೆಂದು ನನ್ನನ್ನು ಬಿಟ್ಟರೆ ಒಳಗಿದ್ದವರಲ್ಲಿ ಯಾರಿಗೂ ತಿಳಿಯಲಿಲ್ಲ. ಬಾಗಿಲ ಹೊರಗಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಠರಾವು ಪಾಸಾಯಿತು. ಪೈಪಿನ ಬಾಯಿಯನ್ನು ಪಾತಿಗಳ ತಲೆಯಿಂದ ಕಿತ್ತು, ಇಳಿಜಾರಿನ ಕೆಳಗೆ ನಾಲೆಯ ದಂಡೆಗೆ ಒಯ್ದು ನಾನೇ ಕೂರಿಸಿದೆ. ಅದೇ ನೀರು, ಅದೇ ಪೈಪು. ಮೊದಲು ತಾನಾಗಿ ಪಾತಿಗೆ ಇಳಿಯುತ್ತಿದ್ದ ನೀರನ್ನು ಈಗ ರಮಜಾನಬಿ ಕೊಡದಲ್ಲಿ ಹೊತ್ತು ಮೇಲೆ ಏರಿಸಬೇಕು, ಅಷ್ಟೇ ಫರಕು. ಮಡಿ ಕಾಲನಿಯದು, ಕೊಡ ರಮಜಾನಬಿಯದು.

ಗೇಟು ತೆರೆಯಿತು. ಬುಟ್ಟಿ ಒಳಗೆ ಹೋಯಿತು. ಸೀತಾಬಾಯಿ ದಂಟು ಮೂಸಿ, "ನೋಡ್ರಿ, ಈಗ ವಾಸನಿ ಪೂರಾ ಹೋತು" ಎಂದರು.

ದೀಪಾವಳಿ ಆದಮೇಲೆ ಗಣಿಯ ಪಂಪು ಸುರುವಾಗಿ ನಾಲೆ ಕೆಂಪಾಯಿತು. ನನ್ನ ಟಾಕಿಯಲ್ಲಿ ಅಷ್ಟು ಕಷ್ಟಪಟ್ಟು ತಿಳಿಯಾದ ನೀರು ಕೆಸರಿಗೆ ಬಿದ್ದು ಶುದ್ಧವಾಗತೊಡಗಿತು. ಅದನ್ನು ಹೊಯ್ದ ಪಾತಿಯ ಸಸಿಗಳು ಮಣ್ಣಿನ ಹೊಪ್ಪಳೆಯ ಕೆಳಗೆ ಸತ್ತವು. ರಮಜಾನಬಿ ಒಂದು ಗುಂಡಿ ತೋಡಿ ನೀರನ್ನು ನಿಲ್ಲಿಸಿ ತಿಳಿ ಮಾಡಲು ನೋಡಿದಳು. ಅಂದರೆ ನನ್ನ ಕೆಲಸ ಅವಳಿಗೂ ಬಂತು.

ಆಮೇಲೆ ಒಂದು ದಿನ ಮುರಿದ ಸಿಮೆಂಟಿನ ದೋಣಿಯೊಂದನ್ನು ಎಲ್ಲಿಂದಲೋ ಉರುಳಿಸಿಕೊಂಡು ಬಂದಳು, ದನಗಳಿಗೆ ನೀರಿಡುವಂಥದ್ದು. ಅದನ್ನು ನಾಲೆಯ ಒಳಗೆ, ಪೈಪಿನ ಬಾಯಿಯ ಕೆಳಗೆ, ಎರಡು ಕಲ್ಲಿನ ಮೇಲೆ ಇಟ್ಟಳು. ತಿಳಿನೀರು ದೋಣಿಗೆ ಬಿದ್ದು ತುಂಬಿ ಉಕ್ಕಿದ್ದು ನಾಲೆಗೆ.

"ಇಸ್ಮಾಯಿಲಭಾಯಿ, ದೋಣಿ ನಾಲಾದ ಒಳಗ ಐತೋ ಇಲ್ಲೋ?"

"ಐತಿ."

"ಬಿಸಲು ಬೀಳತೈತೋ ಇಲ್ಲೋ?"

"ಬೀಳತೈತಿ."

ಠರಾವಿನಲ್ಲಿ ದೋಣಿಯ ಮಾತು ಇರಲಿಲ್ಲ. ತೋಟ ಉಳಿಯಿತು. ಮನೆಯಲ್ಲಿ ಮೌಲಾಸಾಬ ಈಗ ಕೂತು ಲುಂಗಿ ಹರಿದು ಪಟ್ಟಿ ಮಾಡಿಕೊಡುತ್ತಾನೆ. ಊಟಕ್ಕೆ ಕೂತರೆ ಚಾವಣಿ ನೋಡುತ್ತಾ ಇವತ್ತಿಗೂ ಕೇಳುತ್ತಾನೆ, ಈ ಪಲ್ಯಾ ಎಲ್ಲಿದು ಎಂದು. ಅವಳು ಇವತ್ತಿಗೂ ಬಜಾರದ್ದು ಎನ್ನುತ್ತಾಳೆ.

ಸಂಜೆ ಗೋದಾಬಾಯಿ ಗೋಡೆಯ ಹಿಂದಿನ ದಾರಿಯಲ್ಲಿ ತಿರುಗಾಡಲು ಬರುತ್ತಿದ್ದರು. ಮೊದಲ ದಿನ ದೋಣಿ ಕಂಡರು, ಅದರ ಮುಂದೆ ಕೊಡ ಹಿಡಿದು ಬಗ್ಗಿದ ರಮಜಾನಬಿಯನ್ನೂ ಕಂಡರು. ನಿಂತರು. ಆಮೇಲೆ ಬೆನ್ನು ತಿರುಗಿಸಿ, ಎದುರಿನ ಬೋಳು ಗುಡ್ಡವನ್ನು ಬಹಳ ಆಸ್ಥೆಯಿಂದ ನೋಡುತ್ತಾ ನಿಂತರು.

ಅಂದಿನಿಂದ ದಿನವೂ ಆ ಜಾಗಕ್ಕೆ ಬಂದ ಕೂಡಲೇ ಅವರಿಗೆ ಆ ಗುಡ್ಡ ನೋಡುವ ಆಸೆ ಬರುತ್ತಿತ್ತು.

"ರಮಜಾನಬಿ, ತುಂಬಿದಿಯೇನವಾ?"

"ಇನ್ನ ಒಂದು ಕೊಡ ಐತ್ರಿ ಬಾಯಾರ."

"ಲಗೂ ಮುಗಸು. ನನ್ನ ಕುತಿಗಿ ನೋಯ್ತದ."

"ಆತ್ರಿ. ಈಗ ತಿರಗ್ರಿ."

ಬಾಯಾರು ತಿರುಗುತ್ತಿದ್ದರು. ರಮಜಾನಬಿಯ ತಲೆಯ ಮೇಲಿನ ಕೊಡದ ನೀರು ನೋಡಿ ಹೇಳುತ್ತಿದ್ದರು:

"ನೋಡು, ಹರಿಯೂ ನೀರು ಎಷ್ಟು ತಿಳೀ ಇರ್ತದ. ನಾಳಿಗೆ ಎರಡು ಸಿವುಡು ಇಡವಾ."